ಹೊಸೂರು ಬೆಳೆಯಲಿ, ಲೆಕ್ಕದಲ್ಲಿ ಕನ್ನಡವೂ ಇರಲಿ



ಹತ್ತು ವರ್ಷದ ಹಿಂದೆ ಹೊಸೂರು ನೋಡಿದವರು ಈಗ ಬಂದರೆ ದಾರಿ ಕೇಳಬೇಕಾಗುತ್ತೆ. ಬಾಗಲೂರು ರಸ್ತೆಯಲ್ಲಿ, ಮತ್ತಿಗಿರಿ ಕಡೆ, ಜೂಜುವಾಡಿ ಸುತ್ತ ಹೊಲ ಇದ್ದ ಕಡೆಯೆಲ್ಲ ಲೇಔಟು, ಅಪಾರ್ಟ್‌ಮೆಂಟು ಎದ್ದಿವೆ. 2001ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ 84 ಸಾವಿರ ಚಿಲ್ಲರೆ. 2011ರಲ್ಲಿ 1.16 ಲಕ್ಷ ದಾಟಿತು. 2019ರಲ್ಲಿ ಮಹಾನಗರ ಪಾಲಿಕೆ ಆಯ್ತು. 2011ರ ನಂತರ ಜನಗಣತಿಯೇ ನಡೆದಿಲ್ಲ. ಅಂದ್ರೆ ಈಗ ನಮ್ಮ ಕಣ್ಣಿಗೆ ಕಾಣೋ ಹೊಸೂರು ಇನ್ನೂ ಯಾವ ಸರ್ಕಾರಿ ಪುಸ್ತಕದಲ್ಲೂ ಇಲ್ಲ.

ಇಲ್ಲಿಗೆ ಬರ್ತಿರೋರು ಯಾರು? ಸಿಪ್ಕಾಟ್, ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಬಂದ ಕಾಲದಲ್ಲಿ ಕಾರ್ಖಾನೆ ಕೆಲಸಕ್ಕೆ ಬಂದವರು ಹೆಚ್ಚು. ಈಗ ಅದರ ಜೊತೆ ಇನ್ನೊಂದು ಗುಂಪು ಸೇರಿದೆ. ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರದಲ್ಲಿ ಕೆಲಸ, ಬೆಂಗಳೂರಿನ ಬಾಡಿಗೆ ಕಟ್ಟೋಕೆ ಆಗದೆ ಹೊಸೂರಿನಲ್ಲಿ ಮನೆ. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗದ ಮೆಟ್ರೋ ಶುರುವಾದ ಮೇಲೆ ಈ ಲೆಕ್ಕಾಚಾರ ಇನ್ನೂ ಸಲೀಸು.

ಬ್ಯಾಂಕ್ ಕೌಂಟರಿನ ಈಚೆ ಕೂರೋ ನಮ್ಮಂಥವರಿಗೆ ಇದು ದಿನಾ ಕಾಣೋ ಚಿತ್ರ. ಮೂವತ್ತು ನಲವತ್ತರ ಗಂಡ ಹೆಂಡತಿ, ಇಬ್ಬರಿಗೂ ಕೆಲಸ, ಒಂದೋ ಎರಡೋ ಮಕ್ಕಳು, ಹೌಸಿಂಗ್ ಲೋನು, ಸ್ಕೂಲ್ ಫೀಸಿಗೆ ಆರ್‌ಡಿ. ಬೆಳಿಗ್ಗೆ ಅವರು ಅತ್ತಿಬೆಲೆ ದಾಟಿ ಹೋದರೆ ರಾತ್ರಿಯೇ ವಾಪಸ್ಸು. ಮಗುವನ್ನು ಸ್ಕೂಲ್ ವ್ಯಾನಿಗೆ ಹತ್ತಿಸೋಕೆ ಊರಿಂದ ಬಂದ ಅಜ್ಜಿ. ಭಾನುವಾರ ಚಂದ್ರಚೂಡೇಶ್ವರನ ಬೆಟ್ಟ, ಸಂಜೆ ಮಾರ್ಕೆಟ್ಟು. ದುಡಿದು ಸಂಸಾರ ಕಟ್ಟೋ ಜನ. ಇವರಿಂದಲೇ ನಮ್ಮೂರಿನ ಅಂಗಡಿಗೆ ವ್ಯಾಪಾರ, ಮನೆಗೆ ಬಾಡಿಗೆ, ಹೂವಿಗೆ ರೇಟು. ಇವರ ಮೇಲೆ ನಮಗೆ ಯಾವ ಸಿಟ್ಟೂ ಇಲ್ಲ.

ಆದರೆ ಒಂದು ಲೆಕ್ಕ ಮಾತ್ರ ನಾವು ಗಮನಿಸಲೇಬೇಕು.

ಒಂದು ಬಡಾವಣೆಯಲ್ಲಿ 1,000 ಜನ ಇದ್ದಾರೆ, ಅದರಲ್ಲಿ ಕನ್ನಡದವರು 200 ಅಂದುಕೊಳ್ಳಿ. ಶೇಕಡಾ 20. ಅಲ್ಲಿಗೆ ಹೊಸದಾಗಿ 1,000 ಜನ ಬಂದರು, ಅವರಲ್ಲಿ 50 ಮಂದಿ ಕನ್ನಡದವರು. ಈಗ 2,000ಕ್ಕೆ 250, ಅಂದ್ರೆ ಶೇಕಡಾ ಹನ್ನೆರಡೂವರೆ. ಒಬ್ಬ ಕನ್ನಡಿಗನೂ ಊರು ಬಿಟ್ಟಿಲ್ಲ, ಐವತ್ತು ಜನ ಹೆಚ್ಚೇ ಆಗಿದ್ದಾರೆ. ಆದರೂ ಕಾಗದದ ಮೇಲೆ ಕನ್ನಡ ಕುಸಿಯಿತು.

ಇದರಿಂದ ಏನಾಗುತ್ತೆ? ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆ ದೇಶಮಟ್ಟದಲ್ಲಿ ಒಪ್ಪಿಕೊಂಡ ಸೂತ್ರದಲ್ಲಿ ಎರಡು ಥರದ ಅಳತೆ ಇದೆ. ಒಂದು ಶೇಕಡಾವಾರು. ತಾಲ್ಲೂಕಿನಲ್ಲೋ ಪುರಸಭೆಯಲ್ಲೋ ಒಂದು ಭಾಷೆಯವರು ಶೇಕಡಾ 15 ಇದ್ದರೆ ಮುಖ್ಯವಾದ ಕಾನೂನು, ನಿಯಮ, ಪ್ರಕಟಣೆಗಳು ಆ ಭಾಷೆಯಲ್ಲೂ ಬರಬೇಕು. ಊರು ಬೆಳೆದಷ್ಟೂ ಈ ಅಳತೆ ನಮ್ಮ ಕೈತಪ್ಪುತ್ತೆ.

ಇನ್ನೊಂದು ತಲೆ ಎಣಿಕೆ. ತರಗತಿಯಲ್ಲಿ 10 ಮಕ್ಕಳು ಅಥವಾ ಶಾಲೆಯಲ್ಲಿ 40 ಮಕ್ಕಳು ಇದ್ದರೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸೋ ಏರ್ಪಾಡು ಆಗಬೇಕು. ಸಂವಿಧಾನದ 350ಎ ವಿಧಿಯ ಆಶಯವೂ ಇದೇ. ಊರಿಗೆ ಒಂದು ಲಕ್ಷ ಜನ ಬರಲಿ, ಐದು ಲಕ್ಷ ಬರಲಿ, ಹತ್ತು ಅಂದ್ರೆ ಹತ್ತೇ, ನಲವತ್ತು ಅಂದ್ರೆ ನಲವತ್ತೇ. ಬೆಳೆಯೋ ಊರಿನಲ್ಲಿ ನಮಗೆ ಉಳಿಯೋ ಗಟ್ಟಿ ನೆಲ ಇದು. ನಮ್ಮ ಶಕ್ತಿಯನ್ನೆಲ್ಲ ಇಲ್ಲಿ ಹಾಕಬೇಕು ಅನ್ನೋದು ನಮ್ಮ ಅಭಿಪ್ರಾಯ.

"ಮಕ್ಕಳು ಇಂಗ್ಲಿಷ್ ಓದಿದ್ರೆ ಸಾಕಲ್ವಾ, ಕನ್ನಡ ಮನೇಲಿದೆಯಲ್ಲ" ಅಂತ ಕೇಳೋರು ಇದ್ದಾರೆ. ಇಂಗ್ಲಿಷ್ ಬೇಡ ಅಂತ ಯಾರೂ ಹೇಳ್ತಿಲ್ಲ. ತಮಿಳೂ ಬೇಕು, ಅದು ಈ ರಾಜ್ಯದ ಭಾಷೆ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಒಂದನೇ ತರಗತಿಯಿಂದ ಹಂತ ಹಂತವಾಗಿ ಅದು ಕಡ್ಡಾಯವೂ ಆಗಿದೆ. ನಮ್ಮ ಮಾತು ಇಷ್ಟೇ: ಅವೆರಡರ ಜೊತೆ ಓದೋಕೆ ಬರೆಯೋಕೆ ಕನ್ನಡವೂ ಇರಲಿ. ಅಪ್ಪ ಅಮ್ಮ ಹನ್ನೆರಡು ಗಂಟೆ ಮನೆಯಿಂದ ಹೊರಗಿರೋ ಸಂಸಾರದಲ್ಲಿ "ಮನೇಲಿದೆ" ಅನ್ನೋ ಕನ್ನಡಕ್ಕೆ ದಿನಕ್ಕೆ ಎಷ್ಟು ಹೊತ್ತು ಸಿಗುತ್ತೆ, ಯೋಚಿಸಿ. ಅಜ್ಜಿ ಇರೋವರೆಗೆ ಮಾತಿನ ಕನ್ನಡ ಇರುತ್ತೆ. ಅಕ್ಷರ ಕಲಿಸೋರು ಬೇಕಲ್ಲ.

ಹಾಗಾದರೆ ಈಗ ಮಾಡಬೇಕಾದ್ದು ಏನು?

ಮೊದಲನೆಯದು ಜನಗಣತಿ. ಜನರ ಎಣಿಕೆ 2027ರ ಫೆಬ್ರುವರಿಯಲ್ಲಿ ಅಂತ ಗೊತ್ತಾಗಿದೆ. ಮಾತೃಭಾಷೆ ಅಂದ್ರೆ ಬಾಲ್ಯದಲ್ಲಿ ತಾಯಿ ನಮ್ಮೊಂದಿಗೆ ಆಡಿದ ಮಾತು. ನಾವು ಆಫೀಸಲ್ಲಿ ಆಡೋ ಭಾಷೆ ಅಲ್ಲ, ವಾಸ ಮಾಡೋ ರಾಜ್ಯದ ಭಾಷೆಯೂ ಅಲ್ಲ. ತಮಿಳು, ತೆಲುಗು ಬಂದ್ರೆ ಅದನ್ನು ಬರೆಸೋಕೆ ಕಳೆದ ಗಣತಿಯಲ್ಲಿ "ತಿಳಿದಿರುವ ಇತರ ಭಾಷೆಗಳು" ಅಂತ ಬೇರೆ ಕಾಲಂ ಇತ್ತು. ಗಣತಿದಾರರು ತಮಿಳಿನಲ್ಲಿ ಪ್ರಶ್ನೆ ಕೇಳ್ತಾರೆ, ನಾವು ತಮಿಳಿನಲ್ಲೇ ಉತ್ತರ ಹೇಳ್ತೀವಿ, ಅವರು ಮಾತೃಭಾಷೆಯೂ ತಮಿಳೇ ಅಂತ ಬರೆದುಕೊಂಡು ಹೋಗೋ ಸಾಧ್ಯತೆ ಇದೆ. ಏನು ಬರೆದರು ಅಂತ ನಿಂತು ಕೇಳಿ. ಮನೆಯ ಪ್ರತಿಯೊಬ್ಬರದ್ದೂ ಕೇಳಿ, ಮಕ್ಕಳದ್ದೂ ಸೇರಿ.

ಎರಡನೆಯದು ಶಾಲೆ. ಒಬ್ಬ ಪೋಷಕರು ಹೋಗಿ ಕನ್ನಡ ಕೇಳಿದರೆ ನಡೆಯಲ್ಲ. ಹತ್ತು ಮನೆಯವರು ಒಟ್ಟಿಗೆ ಸಹಿ ಹಾಕಿ ಅರ್ಜಿ ಕೊಡಬೇಕು, ಸ್ವೀಕೃತಿ ಪಡೀಬೇಕು, ನಕಲು ಇಟ್ಕೋಬೇಕು. ದಾಖಲಾತಿ ಮುಗಿದ ಮೇಲೆ ಅಲ್ಲ, ಶುರುವಾಗೋ ಮೊದಲೇ.

ಮೂರನೆಯದು ಹೊಸಬರು. ಹಾಸನ, ಮಂಡ್ಯ, ಕೋಲಾರದಿಂದ ಬೆಂಗಳೂರಿಗೆ ಬಂದು, ಅಲ್ಲಿಂದ ಇಲ್ಲಿಗೆ ಮನೆ ಮಾಡಿದ ಕನ್ನಡದವರೂ ಈ ಅಪಾರ್ಟ್‌ಮೆಂಟುಗಳಲ್ಲಿ ಇದ್ದಾರೆ. ರಾಜ್ಯದ ಗಡಿ ದಾಟಿದ ಕೂಡಲೇ ತಾವೂ ಭಾಷಾ ಅಲ್ಪಸಂಖ್ಯಾತರಾದೆವು ಅನ್ನೋದು ಎಷ್ಟೋ ಜನರಿಗೆ ಹೊಳೆದಿಲ್ಲ. ತಲೆಮಾರುಗಳಿಂದ ಇಲ್ಲಿರೋ ಬಾಗಲೂರು, ತಳಿ, ಡೆಂಕಣಿಕೋಟೆಯ ಕನ್ನಡಿಗರು, ಮೊನ್ನೆ ಬಂದ ಈ ಕನ್ನಡಿಗರು ಒಬ್ಬರನ್ನೊಬ್ಬರು ಗುರುತೇ ಹಿಡೀತಿಲ್ಲ. ಪಕ್ಕದ ಫ್ಲ್ಯಾಟಿನ ಬಾಗಿಲು ತಟ್ಟಿ ಮಾತಾಡಿಸಿ. ಆ ಹತ್ತರಲ್ಲಿ ಕೊರತೆ ಬಿದ್ದ ಎರಡು ಮಕ್ಕಳು ಆ ಮನೆಯಲ್ಲೇ ಇರಬಹುದು.

ಊರು ಬೆಳೆಯೋದನ್ನು ಯಾರೂ ತಡೆಯೋಕೆ ಆಗಲ್ಲ, ತಡೆಯಬೇಕಾಗಿಯೂ ಇಲ್ಲ. ನಿಮ್ಮ ಬೀದಿಯಲ್ಲಿ ಶಾಲೆಗೆ ಹೋಗೋ ವಯಸ್ಸಿನ ಕನ್ನಡದ ಮಕ್ಕಳು ಎಷ್ಟಿದ್ದಾರೆ? ಈ ವಾರವೇ ಎಣಿಸಿ, ಒಂದು ಪಟ್ಟಿ ಮಾಡಿ.