ಮತಕ್ಕೆ ಮನೆ ಬಾಗಿಲು, ಮಾತಿಗೆ ಮೆಟ್ಟಿಲು

ಕಳೆದ ವರ್ಷ ಕ್ಷೇತ್ರಕಾರ್ಯಕ್ಕೆಂದು ತಡಸದ ಸುತ್ತಲಿನ ಊರೊಂದರ ಗ್ರಾಮಸಭೆಗೆ ಹೋಗಿದ್ದೆ. ಸಭೆ ನಡೆದದ್ದು ನಾಲ್ಕು ಮೆಟ್ಟಿಲು ಹತ್ತಬೇಕಾದ ಸಮುದಾಯ ಭವನದಲ್ಲಿ. ಪೋಲಿಯೊದಿಂದ ಕಾಲು ಸ್ವಾಧೀನ ತಪ್ಪಿದ ಹಿರಿಯರೊಬ್ಬರು ಮೂರು ಗಾಲಿ ಸೈಕಲ್ಲನ್ನು ಕೆಳಗೇ ನಿಲ್ಲಿಸಿಕೊಂಡು ಕಿಟಕಿಯತ್ತ ಕಿವಿಗೊಟ್ಟಿದ್ದರು. ಎತ್ತಿಕೊಂಡು ಹೋಗಲು ಬಂದ ಹುಡುಗರನ್ನು ವಾಪಸು ಕಳಿಸಿದ್ದರು. ಯಾಕೆಂದು ಕೇಳಿದೆ. "ಕೂಸಿನಂಗ ಹೊತ್ಕೊಂಡು ಹೋಗಿ ಕುಂದರ್ಸಿದ್ರ, ಆಮ್ಯಾಲೆ ಅವರ ಕೂಡ ಜಗಳಾ ಹ್ಯಾಂಗ ಮಾಡ್ಲೊ ತಮ್ಮಾ?" ಎಂದರು. ಒಳಗೆ ನಡೆಯುತ್ತಿದ್ದುದು ಅವರದೇ ಓಣಿಯ ರಸ್ತೆಯ ಚರ್ಚೆ.

ಇದನ್ನು ಎತ್ತಿದರೆ ಸಿದ್ಧ ಉತ್ತರವೊಂದಿದೆ: "ಅವರಿಗೆ ಬೇರೆ ಸಭೆ ಇದೆಯಲ್ಲ." ಹೌದು, ವಿಕಲಚೇತನರ ಸಮನ್ವಯ ಗ್ರಾಮಸಭೆ ಇದೆ. ಪಂಚಾಯಿತಿಯ ಅನುದಾನದಲ್ಲಿ ಶೇಕಡಾ 5ರ ಮೀಸಲೂ ಇದೆ. ಅವು ಬೇಕು. ಆದರೆ ಮೂರು ಗಾಲಿ ಸೈಕಲ್ಲಿನ ಮಾತು ಆ ಸಭೆಯಲ್ಲಿ, ಅದು ಓಡಬೇಕಾದ ರಸ್ತೆಯ ತೀರ್ಮಾನ ಈ ಸಭೆಯಲ್ಲಿ! ಬೇರೆ ಸಭೆಯೆಂಬುದು ಮುಖ್ಯ ಸಭೆಯಿಂದ ಹೊರಗಿಡುವ ನೆಪವಾದರೆ ಅದು ಸೌಲಭ್ಯವಲ್ಲ, ಬೇರೆ ಪಂಕ್ತಿ.

ಕಾನೂನಿಗೇನೂ ಕೊರತೆಯಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ, ನಿಯಮಗಳು ಬಂದ ಐದು ವರ್ಷದೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳೆಲ್ಲ ಎಲ್ಲರಿಗೂ ಪ್ರವೇಶಯೋಗ್ಯವಾಗಬೇಕಿತ್ತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಗಡುವು 2022ಕ್ಕೇ ಮುಗಿಯಿತು. ಸಲಹೆಯಂತಿರುವ ನಿಯಮ ಸಾಲದು, ಕಡ್ಡಾಯ ಮಾನದಂಡ ಬೇಕೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಸಾಧ್ಯವಿಲ್ಲವೆಂಬ ಮಾತನ್ನಂತೂ ಒಪ್ಪಲಾಗದು. 2023ರ ವಿಧಾನಸಭಾ ಚುನಾವಣೆಯಲ್ಲಿ ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯ ಇರುವವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಕೊಡಲಾಯಿತು. ಸಿಬ್ಬಂದಿಯೇ ಮನೆಗೆ ಬಂದು ಮತ ಪಡೆದರು. ಮತಕ್ಕಾಗಿ ಹೊಸ್ತಿಲವರೆಗೆ ಬರಬಲ್ಲ ವ್ಯವಸ್ಥೆ ಮಾತು ಕೇಳಲು ಯಾಕೆ ಬಾರದು?

ಬೇಕಾದದ್ದು ದೊಡ್ಡದೇನಲ್ಲ. ಸಭೆ ಶಾಲೆಯ ಬಯಲಲ್ಲಿ ನಡೆಯಲಿ. ಕಿವಿ ಕೇಳದವರಿಗೆ ಕಾಣುವಂತೆ ವಿಷಯ, ಠರಾವುಗಳನ್ನು ಹಲಗೆಯ ಮೇಲೆ ಬರೆಯಲಿ. ಸನ್ನೆ ಭಾಷೆ ಬಲ್ಲವರನ್ನು ಕರೆಸಲಿ. ಕಣ್ಣು ಕಾಣದವರಿಗೆ ನೋಟಿಸನ್ನು ಓದಿ ಹೇಳಲಿ. ಹಾಸಿಗೆ ಹಿಡಿದವರ ಪ್ರಶ್ನೆಯನ್ನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮೊದಲೇ ಬರೆದುಕೊಂಡು ಸಭೆಯಲ್ಲಿ ಓದಲಿ, ನಡಾವಳಿಗೆ ಸೇರಿಸಲಿ.

ನಮ್ಮದೂ ಒಂದು ಕೆಲಸವಿದೆ. ಮುಂದಿನ ಗ್ರಾಮಸಭೆ ಮೆಟ್ಟಿಲ ಮೇಲಿದ್ದರೆ ನಾವೂ ಅವರ ಪಕ್ಕ ಕೆಳಗೇ ಕೂರೋಣ. ಕೋರಂ ಆಗದಿದ್ದರೆ ಸಭೆಯೇ ಇಳಿದು ಬರುತ್ತದೆ.