ಗುಡ್ಡದ ಬುಡದವರೆಗೆ ಸೈಕಲ್ಲು

ಒಂದು ಕಾಲಕ್ಕೆ ನನ್ನ ತರಗತಿಯಲ್ಲಿ ಕುಳಿತಿದ್ದ ಸಿಂಧನೂರಿನ ಕೆಲವು ತರುಣರು ಡಿಸೆಂಬರ್ ತಿಂಗಳಲ್ಲಿ ಎರಡು ದಿನಗಳ ಸೈಕಲ್ ಪ್ರವಾಸ ಹಾಗೂ ಚಾರಣದ ಯೋಜನೆ ಬರೆದುಕೊಂಡು ಬಂದು, "ಸರ್, ಒಮ್ಮೆ ನೋಡ್ರಿ" ಎಂದು ನನ್ನ ಕೈಗಿತ್ತಿದ್ದಾರೆ. ಮೊದಲ ದಿನ ಮಸ್ಕಿ ಮತ್ತು ಅಲ್ಲಿಯ ಗುಡ್ಡ. ಮರುದಿನ ಲಿಂಗಸುಗೂರು, ಸಾಧ್ಯವಾದರೆ ಮುದಗಲ್ಲಿನ ಕೋಟೆ. ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಜನಜಂಗುಳಿ ಸೇರುವ ಬದಲು ನಮ್ಮ ಸೀಮೆಯ ಕಲ್ಲುಗುಡ್ಡಗಳನ್ನು ಆರಿಸಿಕೊಂಡರಲ್ಲ ಎಂದು ಸಂತೋಷವೇ ಆಯಿತು. ಆದರೆ ಆ ಕಾಗದದ ಒಂದು ಸಾಲಿಗೆ ನನ್ನ ಸಮ್ಮತಿಯಿಲ್ಲ. ಮಸ್ಕಿಯ ದುರುಗದ ಗುಡ್ಡದ ಮೇಲಿನಿಂದ ಗೇರ್ ಸೈಕಲ್ಲುಗಳಲ್ಲಿ ಇಳಿಯುವುದು, ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸುವುದು ಎಂಬ ಸಾಲು ಅದು.

ಹೊರದೇಶಗಳಲ್ಲಿ ಜನ ಬೆಟ್ಟದ ಮೇಲೆ ಸೈಕಲ್ ಹೊಡೆಯುವುದಿಲ್ಲವೇ ಎಂಬುದು ಅವರ ವಾದ. ಹೊಡೆಯುತ್ತಾರೆ. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆಯು ಬೆಟ್ಟ ಬಯಲುಗಳಲ್ಲಿ ನಡೆಯುವ, ಸೈಕಲ್ ತುಳಿಯುವ ಹಕ್ಕನ್ನೇ ಜನರಿಗೆ ಕೊಟ್ಟಿದೆ; ಆದರೆ ಹೊಣೆಯರಿತು ನಡೆದುಕೊಳ್ಳಬೇಕೆಂಬ ಕರಾರಿನೊಡನೆ. ನಮ್ಮ ಗುಡ್ಡದಲ್ಲಿ ಆ ಹೊಣೆ ಇನ್ನೂ ದೊಡ್ಡದು. 1915ರಲ್ಲಿ ಚಿನ್ನದ ಗಣಿಗಳ ಎಂಜಿನಿಯರ್ ಬೀಡನ್ ಎಂಬಾತ ಗುರುತಿಸಿದ ಶಾಸನ ಇರುವುದು ಈ ಗುಡ್ಡದಲ್ಲಿಯೇ. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಇದ್ದವು. 'ಅಶೋಕ' ಎಂಬ ಹೆಸರು ಕಲ್ಲಿನ ಮೇಲೆ ಮೊದಲು ಕಾಣಿಸಿದ್ದು ಮಸ್ಕಿಯಲ್ಲಿ. ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲಿ ಅದು ಕಂಡದ್ದು ಆನಂತರ. ಹಿರಿಯರಿಗೆ ಮಾತ್ರವಲ್ಲ, ಸಾಮಾನ್ಯನಿಗೂ ಧರ್ಮದ ಫಲ ದಕ್ಕುತ್ತದೆಂಬುದು ಅದರ ತಿರುಳು. ಶಾಸನದ ಬಂಡೆಗೆ ಕಬ್ಬಿಣದ ಜಾಲರಿಯ ರಕ್ಷಣೆಯಿದೆ, ನಾವೇನು ಅದನ್ನು ಮುಟ್ಟುತ್ತೇವೆಯೇ ಎನ್ನಬಹುದು. ಬಂಡೆಗಷ್ಟೇ ರಕ್ಷಣೆ, ಸುತ್ತಲಿನ ಮಣ್ಣಿಗೆ ಯಾವ ಜಾಲರಿ? 1954ರಲ್ಲಿ ಬಿ.ಕೆ. ಥಾಪರ್ ಇಲ್ಲಿ ಉತ್ಖನನ ನಡೆಸಿ, ನವಶಿಲಾಯುಗದಿಂದ ಮೊದಲ್ಗೊಂಡು ಹಲವು ಕಾಲದ ಜನವಸತಿಯ ಪದರಗಳನ್ನು ಗುರುತಿಸಿದರು. ಗುಡ್ಡದ ಬುಡದಲ್ಲಿ ಮಡಕೆಯ ಚೂರುಗಳು ಕಾಲಿಗೆ ತಗಲುತ್ತವೆ. ಹಲ್ಲುಹಲ್ಲಾದ ಟೈರು ಬ್ರೇಕು ಹಿಡಿದು ಜಾರಿದರೆ ಆ ಪದರವೇ ಕಿತ್ತುಬರುತ್ತದೆ. ಒಬ್ಬರು ಇಳಿದ ಜಾಡಿನಲ್ಲಿ ಮರುವಾರ ಹತ್ತು ಜನ ಇಳಿಯುತ್ತಾರೆ, ಚಿತ್ರ ನೋಡಿ ನೂರು ಜನ ಬರುತ್ತಾರೆ. ಮೊದಲ ಮಳೆಗೆ ಆ ಜಾಡೇ ಹಳ್ಳವಾಗುತ್ತದೆ. ಆದ್ದರಿಂದ ಸೈಕಲ್ಲು ಗುಡ್ಡದ ಬುಡದವರೆಗೆ ಮಾತ್ರ, ಮೇಲಕ್ಕೆ ಕಾಲ್ನಡಿಗೆ.

ಉಳಿದ ಯೋಜನೆಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು, ಎರಡೂ ಸುಮಾರು ಮೂವತ್ತು ಕಿ.ಮೀ. ದಾರಿಗಳು. ದೂರ ದೊಡ್ಡದಲ್ಲ, ಬಿಸಿಲು ದೊಡ್ಡದು. ನಮ್ಮ ಜಿಲ್ಲೆಯಲ್ಲಿ ಪಯಣದ ಲೆಕ್ಕವನ್ನು ಕಿಲೋಮೀಟರಿನಲ್ಲಿ ಹಾಕಬಾರದು, ಹೊತ್ತಿನಲ್ಲಿ ಹಾಕಬೇಕು. ನಸುಕಿನಲ್ಲಿ ಹೊರಟು ಹತ್ತು ಗಂಟೆಯೊಳಗೆ ನೆರಳು ಸೇರಬೇಕು. ಗುಡ್ಡ ಹತ್ತುವುದು ಸಂಜೆ ನಾಲ್ಕರ ನಂತರ, ಇಳಿಯುವುದು ಬೆಳಕಿರುವಾಗಲೇ. ನಡುಮಧ್ಯಾಹ್ನ ಕಾದ ಬಂಡೆ ಮೇಲಿನ ಸೂರ್ಯನಿಗಿಂತ ಹೆಚ್ಚು ಸುಡುತ್ತದೆ. ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಹಸಿರು. ಅದನ್ನು ಕಂಡು ದಾರಿಯುದ್ದಕ್ಕೂ ನೀರು ಸಿಕ್ಕೀತೆಂದು ತಿಳಿಯಬಾರದು. ತಲೆಗೆ ಮೂರು ಲೀಟರಾದರೂ ಕುಡಿಯುವ ನೀರು ಜೊತೆಗಿರಲಿ. ಅಕಾಲಿಕ ಮಳೆ ಬಿದ್ದಿದ್ದರೆ ಹೊಲದ ಬದಿಯ ದಾರಿಗೆ ಇಳಿಯಲೇಬಾರದು. ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡರೆ ಸೈಕಲ್ಲನ್ನು ನೀವೇ ಹೊರಬೇಕಾದೀತು! ಇನ್ನು ಜಾಲಿ ಮುಳ್ಳು. ಸೈಕಲ್ಲಿನ ಬೆಲೆ ನಲವತ್ತು ಸಾವಿರವೆಂದು ಅದಕ್ಕೇನು ಗೊತ್ತು? ಪಂಕ್ಚರ್ ಸಾಮಾನು, ಗಾಳಿ ಪಂಪು ಮರೆಯಬಾರದು. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಸಾಕು; ಎರಡು ದಿನಕ್ಕೂ ಕೆಡುವುದಿಲ್ಲ.

ಮುದಗಲ್ಲನ್ನು ಮಾತ್ರ ಈ ಸಲ ಬಿಟ್ಟುಬಿಡುವುದು ಲೇಸು. ವಿಜಯನಗರದವರೂ ಬಹಮನಿ, ಆದಿಲ್‌ಶಾಹಿ ಸುಲ್ತಾನರೂ ತಲೆಮಾರುಗಟ್ಟಲೆ ಕಾದಾಡಿದ ಕೋಟೆಯನ್ನು ದಣಿದ ಕಾಲುಗಳಲ್ಲಿ ಅರ್ಧ ಗಂಟೆ ನೋಡಿ ಬರುವುದರಲ್ಲಿ ಅರ್ಥವಿಲ್ಲ. ಲಿಂಗಸುಗೂರಿನಲ್ಲಿ ಮುಗಿಸಿ, ಸೈಕಲ್ಲುಗಳನ್ನು ಒಂದು ಟಾಟಾ ಏಸ್‌ಗೆ ಹಾಕಿಕೊಂಡು ಹಿಂದಿರುಗಲಿ.

ಇಷ್ಟನ್ನೂ ಅವರ ಕಾಗದದ ಹಿಂಬದಿಯಲ್ಲಿ ಬರೆದು ಕೊಟ್ಟಿದ್ದೇನೆ. ಗುಡ್ಡದ ಕೆಳಗೆ ಬಿಟ್ಟ ಸೈಕಲ್ಲುಗಳನ್ನು ಕಾಯುವವರು ಯಾರು ಎಂಬುದು ಅವರ ಹೊಸ ತಕರಾರು. ನಾನು ಬಸ್ಸಿನಲ್ಲಿ ಮಸ್ಕಿಗೆ ಬಂದು ಕೂಡುತ್ತೇನೆ ಎಂದಿದ್ದೇನೆ. ಮೊಣಕಾಲು ನೋವಿನ ಮೇಷ್ಟ್ರಿಗೆ ಅದಕ್ಕಿಂತ ಒಳ್ಳೆಯ ಕೆಲಸ ಸಿಗಲಾರದು.