ವಿದೇಶ ವ್ಯಾಸಂಗ ಮತ್ತು ವಾರಾಂತ್ಯದ ಹಿಮಜಾರಾಟ

‘ದೇಶ ಸುತ್ತು, ಕೋಶ ಓದು’ ಎಂಬ ನಾಣ್ಣುಡಿ ಎರಡನ್ನೂ ಸಮಾನ ಪಂಕ್ತಿಯಲ್ಲಿ ಕೂರಿಸಿದೆ. ಆದರೆ ಉನ್ನತ ವ್ಯಾಸಂಗಕ್ಕೆಂದು ಪರದೇಶಕ್ಕೆ ತೆರಳುವ ವಿದ್ಯಾರ್ಥಿಯನ್ನು ಬೀಳ್ಕೊಡುವ ಹಿರಿಯರು ಸಾಮಾನ್ಯವಾಗಿ ಅವನಿಂದ ಅಪೇಕ್ಷಿಸುವುದು ಎರಡನೆಯದನ್ನು ಮಾತ್ರ. ಕೆಲವು ತಿಂಗಳ ತರುವಾಯ, ದಪ್ಪ ಕೋಟು ತೊಟ್ಟು, ಕಾಲಿಗೆ ಉದ್ದನೆಯ ಎರಡು ಪಟ್ಟಿಗಳನ್ನು ಬಿಗಿದುಕೊಂಡು ಹಿಮದ ನಡುವೆ ನಗುತ್ತ ನಿಂತಿರುವ ಅವನ ಭಾವಚಿತ್ರ ಊರಿಗೆ ಬಂದಾಗ, ‘ಓದಲು ಹೋದವನೋ, ಆಡಲು ಹೋದವನೋ?’ ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಯನ್ನು ಹಳ್ಳಿಗರ ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅವನ ವ್ಯಾಸಂಗದ ಹಿಂದೆ ಒತ್ತೆಯಿಟ್ಟ ಹೊಲವಿರಬಹುದು, ಬ್ಯಾಂಕಿನ ಸಾಲವಿರಬಹುದು, ದಾನಿಗಳು ಕೈಯೆತ್ತಿ ಕೊಟ್ಟ ನೆರವಿರಬಹುದು. ಆದುದರಿಂದಲೇ ಈ ವಿಷಯವನ್ನು ಗುಣದೋಷಗಳೆರಡನ್ನೂ ತೂಗಿ ಪರಿಶೀಲಿಸುವುದು ಯುಕ್ತ.

ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ಜಾರುವುದು ಹುಟ್ಟಿನಿಂದ ವಿಲಾಸವಲ್ಲ. ನಾರ್ವೆಯಂತಹ ಶೀತ ದೇಶಗಳಲ್ಲಿ ಅದು ಚಳಿಗಾಲದ ಸಂಚಾರ ಸಾಧನವಾಗಿತ್ತು. ಬೇಟೆಗೆ, ನೆರೆಯೂರಿಗೆ ಜನ ಹೋಗುತ್ತಿದ್ದುದು ಅದರ ಮೇಲೆಯೇ. ಆಲ್ಪ್ಸ್ ಪರ್ವತ ಪ್ರದೇಶದಲ್ಲಿ ಅದು ಕ್ರೀಡೆಯಾಗಿ ಬೆಳೆಯುವುದಕ್ಕೆ ವಿಶ್ವವಿದ್ಯಾಲಯಗಳೂ ಕಾರಣವಾದವು. 1924ರಲ್ಲಿ ಸ್ವಿಟ್ಜರ್ಲೆಂಡಿನ ವಿದ್ಯಾರ್ಥಿಗಳು ತಮ್ಮದೇ ಒಂದು ಸ್ಕೀ ಸಂಘವನ್ನು ಕಟ್ಟಿಕೊಂಡರು. ಮರುವರ್ಷವೇ ಅವರಿಗೂ ಬ್ರಿಟಿಷ್ ವಿದ್ಯಾರ್ಥಿಗಳಿಗೂ ಮ್ಯೂರೆನ್ ಎಂಬಲ್ಲಿ ಸ್ಪರ್ಧೆ ನಡೆಯಿತು. ಆ ಕಾಲದಲ್ಲಿ ಕೆಲವೇ ನಿಮಿಷಗಳ ಇಳಿತಕ್ಕಾಗಿ ಗಂಟೆಗಟ್ಟಲೆ ಬೆಟ್ಟ ಹತ್ತಬೇಕಾಗಿತ್ತು. ಜ್ಯೂರಿಕ್‌ನ ಎಂಜಿನಿಯರ್ ಅರ್ನ್ಸ್ಟ್ ಕಾನ್‌ಸ್ಟಾಮ್ 1934ರಲ್ಲಿ ದಾವೋಸ್‌ನಲ್ಲಿ ಸ್ಥಾಪಿಸಿದಂತಹ, ಜನರನ್ನು ಹಗ್ಗದಿಂದ ಮೇಲಕ್ಕೆಳೆಯುವ ಯಂತ್ರಗಳು ಬಂದ ಮೇಲೆ ಒಂದೇ ದಿನದಲ್ಲಿ ಹಲವು ಬಾರಿ ಇಳಿಯುವುದು ಸಾಧ್ಯವಾಯಿತು. ಇಂದು ಜ್ಯೂರಿಕ್‌ನಲ್ಲಿ ಓದುವ ವಿದ್ಯಾರ್ಥಿ ಶನಿವಾರ ನಸುಕಿನಲ್ಲಿ ರೈಲು ಹತ್ತಿದರೆ ಸುಮಾರು ಎರಡೂವರೆ ಗಂಟೆಗಳಲ್ಲಿ ದಾವೋಸ್ ತಲುಪುತ್ತಾನೆ. ಸೋಮವಾರದ ಪಾಠಕ್ಕೆ ಹಿಂದಿರುಗಿರುತ್ತಾನೆ.

ವಿದ್ಯೆಗೂ ಈ ಆಟಕ್ಕೂ ವೈರವಿದೆಯೆಂಬ ಭಾವನೆಗೆ ಚರಿತ್ರೆಯ ಬೆಂಬಲವಿಲ್ಲ. ನಾರ್ವೆಯ ಫ್ರಿತ್ಯೋಫ್ ನಾನ್ಸೆನ್ ನರಮಂಡಲವನ್ನು ಕುರಿತ ತನ್ನ ಡಾಕ್ಟರೇಟ್ ಪ್ರಬಂಧವನ್ನು ವಿದ್ವಾಂಸರ ಮುಂದೆ ಸಮರ್ಥಿಸಿದ್ದೂ, ಐವರು ಸಂಗಡಿಗರೊಡನೆ ಗ್ರೀನ್‌ಲೆಂಡಿನ ಹಿಮರಾಶಿಯನ್ನು ಸ್ಕೀಗಳ ಮೇಲೆ ದಾಟಿದ್ದೂ 1888ರಲ್ಲಿಯೇ. ಮುಂದೆ 1922ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಪಡೆದವನೂ ಅವನೇ. 1927ರ ಆರಂಭದಲ್ಲಿ ನೀಲ್ಸ್ ಬೋರ್ ಮತ್ತು ಹೈಸನ್‌ಬರ್ಗ್ ಕೋಪನ್‌ಹೇಗನ್‌ನಲ್ಲಿ ಪರಮಾಣು ಸಿದ್ಧಾಂತವನ್ನು ಚರ್ಚಿಸಿ ಚರ್ಚಿಸಿ ದಣಿದಾಗ, ಬೋರ್ ಸ್ಕೀ ಆಡಲೆಂದು ನಾರ್ವೆಗೆ ಹೊರಟುಹೋದರು. ಪರಸ್ಪರ ಅಗಲಿದ ಆ ವಾರಗಳಲ್ಲಿ ಹೈಸನ್‌ಬರ್ಗ್ ಅನಿಶ್ಚಿತತೆಯ ತತ್ತ್ವವನ್ನು ರೂಪಿಸಿದರು. ಬೋರ್ ಪೂರಕತೆಯ ವಿಚಾರದೊಡನೆ ಮರಳಿದರು. ಹಿಮದಲ್ಲಿ ಜಾರಿದವರೆಲ್ಲ ಬೋರ್ ಆಗುತ್ತಾರೆಂದು ಇದರ ಅರ್ಥವಲ್ಲ. ದುಡಿದ ಬುದ್ಧಿಗೆ ವಿಶ್ರಾಂತಿಯೂ ದುಡಿಮೆಯ ಒಂದು ಅಂಗವೆಂಬುದಕ್ಕೆ ಇಷ್ಟು ನಿದರ್ಶನ ಸಾಕು.

ಆದರೆ ಈ ಪ್ರವಾಸದ ನಿಜವಾದ ಲಾಭ ವಿಶ್ರಾಂತಿಯಲ್ಲ. ವಿದೇಶಕ್ಕೆ ಹೋಗುವ ವಿದ್ಯಾರ್ಥಿ ಬಹುಮಟ್ಟಿಗೆ ಊರಿನ ಶಾಲೆಯಲ್ಲಿ ಮೊದಲ ಸ್ಥಾನ ಪಡೆದವನು. ಹತ್ತು ಹದಿನೈದು ವರ್ಷ ಪ್ರಶಂಸೆಯನ್ನೇ ಕೇಳಿದ ಕಿವಿ ಅವನದು. ಹಿಮದ ಇಳಿಜಾರಿನಲ್ಲಿ ಅವನು ಮೊದಲ ಬಾರಿಗೆ ತರಗತಿಯ ಕಟ್ಟಕಡೆಯವನಾಗುತ್ತಾನೆ. ಸ್ಕೀಗಳ ಮೂತಿಗಳನ್ನು ಕೂಡಿಸಿ, ಹಿಂಬದಿಯನ್ನು ಅಗಲಿಸಿ, ಮೊಣಕಾಲು ಬಾಗಿಸಿ ವೇಗವನ್ನು ತಡೆಯುವುದು ಅಲ್ಲಿನ ಮೊದಲ ಪಾಠ. ಆ ಭಂಗಿಗೆ ಅಲ್ಲಿನವರು ಇಟ್ಟಿರುವ ಹೆಸರು ನೇಗಿಲು. ಇವನು ಆ ನೇಗಿಲು ಹಿಡಿಯಲಾರದೆ ಉರುಳುತ್ತಿರುವಾಗ ಐದಾರು ವರ್ಷದ ಮಕ್ಕಳು ಪಕ್ಕದಲ್ಲಿಯೇ ಹಕ್ಕಿಗಳಂತೆ ಇಳಿದುಹೋಗುತ್ತಾರೆ. ಬಿದ್ದು, ಎದ್ದು, ಮತ್ತೆ ಬೀಳುವುದರಲ್ಲಿ ಅವಮಾನವಿಲ್ಲವೆಂದು ಅಂದು ಅವನಿಗೆ ಮನವರಿಕೆಯಾಗುತ್ತದೆ. ಪ್ರಯೋಗಾಲಯದಲ್ಲಿ ಮೊದಲ ಪ್ರಯೋಗ ವಿಫಲವಾದಾಗ ಎದೆಗುಂದುವ ಜಾಣ ವಿದ್ಯಾರ್ಥಿಗೆ ಇದಕ್ಕಿಂತ ಉಪಯುಕ್ತವಾದ ಪಾಠ ಅಪರೂಪ. ‘ಆಳಾಗಬಲ್ಲವನು ಅರಸಾಗಬಲ್ಲ’ ಎಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಪ್ರಾಮಾಣಿಕತೆಯ ಪಾಠವೂ ಉಂಟು. ಬಾಡಿಗೆಗೆ ಸ್ಕೀ ಕೊಡುವ ಅಂಗಡಿಯವನು ಎತ್ತರ, ತೂಕ, ವಯಸ್ಸುಗಳನ್ನೂ ಆಟದಲ್ಲಿರುವ ಅನುಭವವನ್ನೂ ವಿಚಾರಿಸುತ್ತಾನೆ. ಬೂಟನ್ನು ಸ್ಕೀಗೆ ಹಿಡಿದಿಡುವ ಕೀಲು ಎಷ್ಟು ಒತ್ತಡಕ್ಕೆ ಕಳಚಿಕೊಳ್ಳಬೇಕೆಂಬುದನ್ನು ಈ ಉತ್ತರಗಳಿಂದಲೇ ನಿರ್ಧರಿಸುತ್ತಾರೆ. ಹೆಮ್ಮೆಗಾಗಿ ‘ಬಲ್ಲೆ’ ಎಂದವನ ಕೀಲು ಹೆಚ್ಚು ಬಿಗಿಯಾಗುತ್ತದೆ. ಬಿದ್ದಾಗ ಅದು ಕಳಚದೆ ಕಾಲೇ ತಿರುಚಿಕೊಳ್ಳಬಹುದು. ಇಲ್ಲದ ವಿದ್ಯೆಯನ್ನು ಇದೆಯೆಂದು ಹೇಳುವುದರ ಬೆಲೆಯನ್ನು ಇಷ್ಟು ಬೇಗ ತೆರಬೇಕಾದ ಸ್ಥಳ ಬೇರೆ ಇರಲಾರದು. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 1967ರಲ್ಲಿ ರೂಪಿಸಿದ ನಡವಳಿಕೆಯ ನಿಯಮಗಳೂ ಮನನೀಯ: ಮುಂದಿರುವವನಿಗೆ ಅಪಾಯವಾಗದಂತೆ ದಾರಿ ಆರಿಸಿಕೊಳ್ಳುವ ಹೊಣೆ ಹಿಂದಿನಿಂದ ಬರುವವನದು. ಮೇಲಿರುವವನು ಕೆಳಗಿರುವವನಿಗೆ ಹೊಣೆಗಾರನೆಂಬ ಈ ತತ್ತ್ವ ಹಿಮಕ್ಕಷ್ಟೇ ಸೀಮಿತವಾಗಬೇಕಿಲ್ಲ.

ಹಾಗೆಂದು ಅಪಾಯವನ್ನು ಮರೆಮಾಚುವುದು ತಪ್ಪಾಗುತ್ತದೆ. ಗುರುತು ಹಾಕಿದ ದಾರಿಯನ್ನು ಬಿಟ್ಟು, ಗೆಳೆಯರ ಹುರುಪಿಗೆ ಮಣಿದು, ಯಾರೂ ತುಳಿಯದ ಹಿಮಕ್ಕೆ ಇಳಿಯುವವರು ಹಿಮಕುಸಿತಕ್ಕೆ ಸಿಲುಕುತ್ತಾರೆ. ಬಹುತೇಕ ಪ್ರಸಂಗಗಳಲ್ಲಿ ಆ ಕುಸಿತವನ್ನು ಎಬ್ಬಿಸುವವರು ಸ್ವತಃ ಅವರು ಅಥವಾ ಅವರ ಜೊತೆಗಾರರೇ. ಹೂತುಹೋದವನು ಬದುಕುವ ಸಂಭವ ಮೊದಲ 10-15 ನಿಮಿಷಗಳ ಅನಂತರ ತೀವ್ರವಾಗಿ ಇಳಿಯುತ್ತದೆ. ದಾವೋಸ್‌ನಲ್ಲಿರುವ ಹಿಮಸಂಶೋಧನ ಸಂಸ್ಥೆ ಚಳಿಗಾಲದಲ್ಲಿ ಪ್ರತಿದಿನವೂ ಅಪಾಯದ ಮಟ್ಟವನ್ನು 5 ಹಂತಗಳಲ್ಲಿ ಪ್ರಕಟಿಸುತ್ತದೆ. ಮೂರನೆಯದು ಮಧ್ಯದ್ದೆಂದು ನಿಶ್ಚಿಂತರಾಗುವುದು ಅವಿವೇಕ. ಇನ್ನು ಹಣದ ಮಾತು. ಕೆಲವು ಅಗ್ಗದ ವಿಮೆಗಳು ಚಳಿಗಾಲದ ಕ್ರೀಡೆಗಳ ಅಪಘಾತವನ್ನು ಹೊರಗಿಟ್ಟಿರುತ್ತವೆ. ಮುರಿದ ಕಾಲಿನೊಡನೆ ಹೆಲಿಕಾಪ್ಟರಿನಲ್ಲಿ ಬಂದಿಳಿದ ವಿದ್ಯಾರ್ಥಿಯ ವೆಚ್ಚ ಊರಿನಲ್ಲಿರುವ ತಂದೆತಾಯಿಗಳ ಹೆಗಲೇರಿದರೆ, ಒಂದು ಮನೆತನದ ವರ್ಷಗಳ ಉಳಿತಾಯ ಒಂದೇ ಮಧ್ಯಾಹ್ನ ಕರಗಿಹೋಗುತ್ತದೆ.

ಆದುದರಿಂದ ತೀರ್ಮಾನ ನಿಷೇಧವೂ ಅಲ್ಲ, ನಿರ್ಲಕ್ಷ್ಯವೂ ಅಲ್ಲ. ಉಡುಪು, ಸಲಕರಣೆಗಳನ್ನು ಕೊಳ್ಳದೆ ಬಾಡಿಗೆಗೆ ಪಡೆದು, ಮಿತ್ರರಿಂದಲ್ಲದೆ ಶಿಕ್ಷಕರಿಂದಲೇ ಕಲಿತು, ವಿಮೆಯ ಪತ್ರವನ್ನು ಮೊದಲು ಓದಿ, ಗುರುತಿಟ್ಟ ದಾರಿಯಲ್ಲಿಯೇ ಉಳಿಯುವ ವಿದ್ಯಾರ್ಥಿ ವರ್ಷಕ್ಕೊಂದೆರಡು ಬಾರಿ ಹಿಮಕ್ಕೆ ಹೋಗುವುದು ದಾನಿಗಳ ಹಣಕ್ಕೆ ಬಗೆದ ದ್ರೋಹವಲ್ಲ. ಕೊಠಡಿಯ ಕದವಿಕ್ಕಿಕೊಂಡು ನಾಲ್ಕು ತಿಂಗಳ ಚಳಿಗಾಲವನ್ನು ಒಂಟಿಯಾಗಿ ಕಳೆಯುವವನಿಗಿಂತ ಅವನ ಮನಸ್ಸು ಸ್ವಸ್ಥವಾಗಿರುವ ಸಂಭವವೇ ಹೆಚ್ಚು. ಹೋಗಲೊಲ್ಲದವನನ್ನು ಹೇಡಿಯೆಂದು ಹಳಿಯುವುದೂ ಸಲ್ಲದು.

ನೆರವು ನೀಡುವ ದಾನಿಗಳು ವಿದ್ಯಾರ್ಥಿಯಿಂದ ಅಂಕಪಟ್ಟಿಯನ್ನು ಕೇಳುವ ಮೊದಲು ವಿಮೆಯ ಪ್ರತಿಯನ್ನು ಕೇಳಲಿ. ಅಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿಗಳು ಹೊಸಬರನ್ನು ಮೊದಲ ದಿನ ಶಿಖರಕ್ಕಲ್ಲ, ತರಬೇತಿಯ ತಗ್ಗಿಗೆ ಕರೆದೊಯ್ಯಲಿ. ಉಪಾಧ್ಯಾಯರ ಹೊಣೆಯಾದರೋ ಇದಕ್ಕೂ ಹಿಂದಿನದು. ಪರೀಕ್ಷೆ ಹತ್ತಿರವಾಯಿತೆಂದು ಆಟದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡುವ ಶಾಲೆ, ಬೀಳುವುದನ್ನು ಕಲಿಯದ ಮಕ್ಕಳನ್ನು ತಯಾರಿಸುತ್ತದೆ. ಅಂತಹವರು ಮುಂದೆ ಹಿಮದಲ್ಲಿ ಬಿದ್ದರೂ, ಜೀವನದಲ್ಲಿ ಬಿದ್ದರೂ ಏಳುವುದು ಕಷ್ಟ. ಕನ್ನಡ ನಾಡಿನ ಶಾಲೆಗಳಿಗೆ ಹಿಮ ಬೇಕಿಲ್ಲ. ಒಂದು ಬಯಲು, ಒಂದು ಈಜುವ ಕೆರೆ, ಹತ್ತಲೊಂದು ಗುಡ್ಡ, ಜೊತೆಯಲ್ಲಿ ನಿಲ್ಲುವ ಒಬ್ಬ ಗುರು ಇದ್ದರೆ ಸಾಕು.